ಗರಗಸ ಗುರುತಿಸಿದ ಕೈ

ಆ ಮನೆಯಲ್ಲಿ ಜಗಳ ಅಂತ ಏನಾದರೂ ಆದರೆ ಅದು ಪಾತ್ರೆಯಿಂದಲೇ ಶುರುವಾಗುತ್ತಿತ್ತು. ಸೊಸೆ ಬೆಳಿಗ್ಗೆ ಐದೂವರೆಗೆ ಎದ್ದು, ಅನ್ನ ಮಾಡಿ, ಬೇಳೆ ಬೇಯಿಸಿ, ತನ್ನದೂ ಗಂಡನದೂ ಡಬ್ಬಿ ಕಟ್ಟಿ, ಏಳೂಕಾಲರ ಬಸ್ಸಿಗೆ ಓಡುತ್ತಿದ್ದಳು. ಸಂಜೆ ಆರಕ್ಕೆ ಸುಸ್ತಾಗಿ ಬಂದು ನೋಡಿದರೆ ಬೆಳಗಿನ ಪಾತ್ರೆಗಳು ಸಿಂಕಿನಲ್ಲಿ ಹಾಗೇ ಒಣಗಿಕೊಂಡು ಕೂತಿರುತ್ತಿದ್ದವು. ಅತ್ತೆ ಎಲ್ಲಿ ಅಂದರೆ ಹಿತ್ತಲಿನ ಶೆಡ್ಡಿನಲ್ಲಿ, ಮಾವನ ಜೊತೆ, ಬಾಗಿಲು ಹಾಕಿಕೊಂಡು. ಬೆಳಿಗ್ಗೆ ಎರಡು ಲೋಟ ಚಹಾ ತೆಗೆದುಕೊಂಡು ಒಳಗೆ ಹೋದವರು ಮಧ್ಯಾಹ್ನ ಊಟಕ್ಕೊಮ್ಮೆ ಹೊರಗೆ ಬರುವರು, ಉಂಡು ಮತ್ತೆ ಹೋಗುವರು.

"ಮದುವೆಯಾಗಿ ಮೂವತ್ತಾರು ವರ್ಷ ಆಯ್ತು. ಇನ್ನೂ ಬೆಳಗಿಂದ ಸಂಜೆವರೆಗೆ ಅದೇ ಮುಖ ನೋಡ್ತಾ ಕೂರ್ತಾರೆ ಅಂದ್ರೆ ನಿಮ್ಮಮ್ಮನ ಸಹನೆ ದೊಡ್ಡದು ಬಿಡಿ," ಎಂದು ಅವಳು ಗಂಡನಿಗೆ ಚುಚ್ಚುತ್ತಿದ್ದಳು. ಗಂಡ ಬಸ್ ಡ್ರೈವರ್. ದಿನವಿಡೀ ಹಾರ್ನ್ ಕೇಳಿ ಬಂದವನಿಗೆ ಮನೆಯಲ್ಲಿ ಸದ್ದಾಗದಿದ್ದರೆ ಸಾಕು. ನನ್ನನ್ನು ಮಧ್ಯೆ ಎಳೆಯಬೇಡ ಅನ್ನುತ್ತ ತಟ್ಟೆಗೆ ಇನ್ನಷ್ಟು ಬೇಳೆ ಹಾಕಿಸಿಕೊಳ್ಳುತ್ತಿದ್ದ.

ನೇರವಾಗಿ ಕೇಳಿದ್ದೂ ಉಂಟು. ಅತ್ತೆ ಅದಕ್ಕೆ, ಅವರಿಗೆ ಹಲಗೆ ಹಿಡಿಯೋಕೆ ಒಬ್ಬರು ಬೇಕಲ್ಲಮ್ಮ, ಬಾಗಿಲು ತೆಗೆದರೆ ಧೂಳೆಲ್ಲ ಅಡುಗೆಮನೆಗೆ ಬರುತ್ತೆ, ಎಂದು ಹೇಳಿ ಸುಮ್ಮನಾಗಿದ್ದರು.

ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಬೈಯಬಾರದು: ಹಲಗೆ ಹಿಡಿಯುತ್ತಿದ್ದದ್ದು ಮಾವ. ಕೊಯ್ಯುತ್ತಿದ್ದದ್ದು ಅತ್ತೆ.

ಮಾವನಿಗೆ ಆ ಬೀದಿಯಲ್ಲಿ ಗೆರೆ ತಪ್ಪದ ಬಡಗಿ ಎಂದು ಹೆಸರು. ಹೆಸರು ಸುಮ್ಮನೆ ಬಂದದ್ದಲ್ಲ, ಮೂವತ್ತು ವರ್ಷ ದುಡಿದು ಗಳಿಸಿದ್ದು. ಆದರೆ ಅಷ್ಟು ವರ್ಷ ಕರೆಂಟಿನ ಗರಗಸ, ಡ್ರಿಲ್ಲು, ಉಜ್ಜುವ ಮೆಷಿನ್ನು ಹಿಡಿದು ಹಿಡಿದು ಅವುಗಳ ನಡುಕ ಬೆರಳಿಗೇ ಇಳಿದುಬಿಟ್ಟಿತ್ತು. ಬಲಗೈಯ ಮೂರು ಬೆರಳು ಬಿಳಿಚಿಕೊಂಡು ಮರಗಟ್ಟಿದವು. ಅಂಗಿಯ ಗುಂಡಿ ಹಾಕಿಕೊಳ್ಳಲೂ ಪರದಾಟ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಗರಗಸ ಹಿಂದಕ್ಕೆ ಒದ್ದು, ಅವರ ತೊಡೆಯಿಂದ ಎರಡು ಬೆರಳು ಆಚೆ, ಬೆಂಚಿನ ಅಂಚನ್ನು ಕಚ್ಚಿತು. ಚಹಾ ತಂದಿದ್ದ ಅತ್ತೆ ಲೋಟ ಕೆಳಗಿಟ್ಟರು. ಗಂಡನ ಕೈಯಿಂದ ಗರಗಸ ತೆಗೆದುಕೊಂಡು ಉಳಿದ ಗೆರೆಯನ್ನು ತಾವೇ ಕೊಯ್ದು ಮುಗಿಸಿದರು. ಮೂವತ್ತು ವರ್ಷ ಹಲಗೆಯ ಆ ತುದಿ ಹಿಡಿದು ನೋಡಿದವರಿಗೆ ಕಲಿಸಿಕೊಡುವವರು ಬೇರೆ ಬೇಕಿರಲಿಲ್ಲ. ಆ ವಿಷಯ ಇಬ್ಬರೂ ಅಂದೂ ಮಾತಾಡಲಿಲ್ಲ, ಆಮೇಲೂ ಮಾತಾಡಲಿಲ್ಲ. ಮಾರನೇ ದಿನದಿಂದ ಶೆಡ್ಡಿನ ಬಾಗಿಲು ಹಾಕಿಕೊಂಡಿತು, ಅಷ್ಟೆ.

ಅಲ್ಲಿಂದ ಮುಂದೆ ಅತ್ತೆಗೆ ನೆರೆಮನೆಯ ಹೆಂಗಸರ ಜೊತೆ ಕೂತು ಹರಟುವುದೂ ತಪ್ಪಿತು. ಅಂಗೈ ಒರಟಾಗಿತ್ತು, ಯಾರಾದರೂ ಕೈ ಹಿಡಿದು ಮಾತಾಡಿಸಿದರೆ ಏನು ಹೇಳುವುದು? ಮಾಡಿದ ಕಪಾಟು, ಮೇಜು ತೆಗೆದುಕೊಂಡು ಹೋಗಲು ಬಂದವರು ಮುಂಬಾಗಿಲಲ್ಲಿ ನಿಂತು ಮಾವನನ್ನು ಹೊಗಳುತ್ತಿದ್ದರು. ಅತ್ತೆ ಒಳಗೆ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಪಾಪ, ಮಾವನೇನೂ ಬೀಗುತ್ತಿರಲಿಲ್ಲ. ಹೂಂ ಹೂಂ ಅನ್ನುತ್ತ ಬೇಗ ಸಾಗಹಾಕುತ್ತಿದ್ದರು.

ಸೊಸೆ ಕೆಲಸ ಮಾಡುತ್ತಿದ್ದದ್ದು ಇಂಥ ಮೆಷಿನ್ನುಗಳನ್ನೇ ತಯಾರಿಸುವ ಒಂದು ಕಂಪನಿಯ ಪರೀಕ್ಷೆ ಕೋಣೆಯಲ್ಲಿ. ಅಲ್ಲಿ ಆ ವರ್ಷ ಹೊಸದೊಂದು ಗರಗಸ ತಯಾರಾಗುತ್ತಿತ್ತು. ಹಿಡಿಯೊಳಗೆ ಅಂಗಿ ಗುಂಡಿಯಷ್ಟು ದೊಡ್ಡ ಸೆನ್ಸರ್. ಗರಗಸ ಯಾವ ಕಡೆ ವಾಲಿತು, ಎಷ್ಟು ಜೋರಾಗಿ ಅಲುಗಿತು, ಕೈಯಿಂದ ಜಾರುತ್ತಿದೆಯೋ, ಹಿಂದಕ್ಕೆ ಒದೆಯುತ್ತಿದೆಯೋ, ಎಲ್ಲವನ್ನೂ ಅದು ಗಮನಿಸುತ್ತದೆ. ಅಪಾಯ ಅನ್ನಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಬ್ಲೇಡು ನಿಲ್ಲಿಸುತ್ತದೆ. ಕೇಳುವುದಕ್ಕೆ ಚೆನ್ನಾಗಿತ್ತು. ತೊಂದರೆ ಏನೆಂದರೆ ಅದು ವಿಪರೀತ ಪುಕ್ಕಲು. ಮರದಲ್ಲಿ ಗಂಟು ಬಂದರೆ ನಿಲ್ಲುವುದು, ಯಾರಾದರೂ ಕೆಮ್ಮಿದರೂ ನಿಲ್ಲುವುದು. ಹೀಗೆ ಮಾಡಿದರೆ ಕೆಲಸಗಾರರು ರೇಗಿ ಆ ಸೆನ್ಸರನ್ನೇ ಕಿತ್ತೆಸೆಯುತ್ತಾರೆ ಎಂದು ಇಂಜಿನಿಯರನಿಗೆ ಗೊತ್ತಿತ್ತು. ಅದಕ್ಕೆ ಒಂದು ಒಳ್ಳೆ ಕೈ ಹೇಗಿರುತ್ತೆ ಅಂತ ಕಲಿಸಬೇಕು, ನಿಮಗೆ ಯಾರಾದರೂ ಪಳಗಿದ ಬಡಗಿ ಗೊತ್ತಾ ಎಂದು ಎಲ್ಲರನ್ನೂ ಕೇಳುತ್ತಿದ್ದ. ಸೊಸೆ ಹಿಂದೆ ಮುಂದೆ ನೋಡದೆ ನಮ್ಮ ಮಾವ ಇದ್ದಾರಲ್ಲ ಅಂದುಬಿಟ್ಟಳು. ಪಾತ್ರೆ ವಿಷಯದಲ್ಲಿ ಎಷ್ಟೇ ಸಿಟ್ಟಿದ್ದರೂ ಮನೆಯವರ ಬಗ್ಗೆ ಅವಳಿಗೆ ಜಂಭವೂ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಮಾವ ನೀರು ಕುಡಿಯುತ್ತಿದ್ದವರು ಲೋಟ ಇಳಿಸಲಿಲ್ಲ. ಅತ್ತೆ, ಅವರಿಗೆ ಕೈತುಂಬ ಕೆಲಸ ಇದೆಯಲ್ಲ ಅಂದರು. ಮಗ ಮಾತ್ರ ಎಂದೂ ಇಲ್ಲದ ಉತ್ಸಾಹದಿಂದ, "ಅಪ್ಪಂಗೆ ಹೊಸದಾಗಿ ಏನ್ ಮಾಡೋದಿದೆ ಇದ್ರಲ್ಲಿ? ದಿನಾ ಮಾಡೋ ಕೆಲಸಾನೇ ಆ ಮೆಷಿನ್ನಲ್ಲಿ ಮಾಡಿದ್ರಾಯ್ತು," ಅಂದ. ಇಲ್ಲ ಅನ್ನಲು ಒಂದು ಕಾರಣ ಬೇಕು. ಇದ್ದ ಒಂದೇ ಕಾರಣವನ್ನು ಹೇಳುವ ಹಾಗಿರಲಿಲ್ಲ. ತಗೊಂಡು ಬಾ ನೋಡೋಣ ಎಂದರು ಮಾವ.

ಹೀಗೆ ಆ ಬೂದು ಬಣ್ಣದ ಗರಗಸ ಶೆಡ್ಡಿಗೆ ಬಂತು. ತಾನಾಗಿ ನಿಲ್ಲುವ ಬುದ್ಧಿಯನ್ನು ಸದ್ಯಕ್ಕೆ ತೆಗೆದಿದ್ದರು, ಕೈಯನ್ನು ಗಮನಿಸಿ ಬರೆದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಅತ್ತೆ ದಿನಾ ಅದರಲ್ಲೇ ಕೊಯ್ದರು. ಸೊಸೆ ವಾರಕ್ಕೊಮ್ಮೆ ಅದರ ಹಿಡಿಯಲ್ಲಿದ್ದ ಪುಟ್ಟ ಕಾರ್ಡನ್ನು ತೆಗೆದು ಆಫೀಸಿಗೆ ಒಯ್ಯುತ್ತಿದ್ದಳು. ಮೊದಲ ವಾರದ ದಾಖಲೆ ನೋಡಿಯೇ ಇಂಜಿನಿಯರ್ ಕುರ್ಚಿ ಎಳೆದುಕೊಂಡು ಕೂತ. ಎರಡನೇ ವಾರಕ್ಕೆ ಅವನ ಮೇಲಿನವರೂ ಬಂದು ನೋಡಿದರು. ಸೊಸೆ ಊಟದ ಹೊತ್ತಿಗೆ ಅದನ್ನೆಲ್ಲ ಒಂದಕ್ಷರ ಬಿಡದೆ ಮಾವನಿಗೆ ಒಪ್ಪಿಸಿದಳು.

"ಕೊಯ್ಯೋದು ಮುಗಿಯೋಕೆ ಒಂದು ಇಂಚು ಇದೆ ಅನ್ನೋವಾಗ ಈ ಕೈ ತಾನಾಗಿ ನಿಧಾನ ಆಗುತ್ತಂತೆ ಮಾವ. ನಿದ್ದೆ ಮಾಡೋ ಮಗೂನ ಹಾಸಿಗೆ ಮೇಲೆ ಇಳಿಸೋ ಹಾಗೆ ಅಂದ್ರು. ನೂರು ಜನರಲ್ಲಿ ಒಬ್ಬರಿಗೂ ಬರಲ್ವಂತೆ ಅದು."

ಮಾವ ಅನ್ನ ಕಲಸುತ್ತಲೇ ಇದ್ದರು. ಅತ್ತೆ ಒಲೆಯ ಹತ್ತಿರ ನಿಂತಿದ್ದರು, ಬೆನ್ನು ಇತ್ತ ಕಡೆ.

"ಏನಂದ್ರು? ಇನ್ನೊಂದ್ಸಲ ಹೇಳು," ಅಂದರು.

ಸೊಸೆ ಇನ್ನೊಮ್ಮೆ ಹೇಳಿದಳು. ಈ ಅತ್ತೆಗೆ ಗಂಡನನ್ನು ಹೊಗಳಿದರೆ ಎಷ್ಟು ಕೇಳಿದರೂ ಸಾಲದು ಎಂದು ಮನಸ್ಸಿನಲ್ಲೇ ಮೂಗು ಮುರಿದಳು. ಅತ್ತೆ ಆ ಹೊತ್ತು ಎರಡು ತುತ್ತು ಜಾಸ್ತಿ ಉಂಡರು. ಆಮೇಲೆ ಒಬ್ಬರೇ ಹಿತ್ತಲ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಐವತ್ತೆಂಟು ವರ್ಷಕ್ಕೆ ಜೀವನದಲ್ಲಿ ಮೊದಲ ಸಲ ಅವರ ಕೈಯನ್ನು ಯಾರೋ ನೋಡಿ ಮೆಚ್ಚಿದ್ದರು. ಅದನ್ನು ಹೇಳಿಕೊಳ್ಳಲು ಇದ್ದವರು ಒಬ್ಬರೇ, ಅವರು ಆಗಲೇ ಗೋಡೆಗೆ ಮುಖ ಮಾಡಿ ಮಲಗಿದ್ದರು.

ಮಾವನಿಗೆ ಹೊಟ್ಟೆ ಉರಿಯಿತು ಅಂದರೆ ತಪ್ಪಾದೀತು. ಉರಿಯಿತು, ಆದರೆ ಹೆಂಡತಿಯ ಮೇಲಲ್ಲ. ಆರು ವರ್ಷ ಬೀದಿಯವರು ಹೊಗಳಿದ್ದು ಬೇರೆ. ಅದರಲ್ಲಿ ತನ್ನ ಹಳೆಯ ದುಡಿಮೆಯ ಪಾಲೂ ಇದೆ ಎಂದು ಸಮಾಧಾನ ಮಾಡಿಕೊಂಡಿದ್ದರು. ಈ ಮೆಷಿನ್ ಹೊಗಳುತ್ತಿರುವುದು ಮಾತ್ರ ನೆಟ್ಟಗೆ ಅವಳೊಬ್ಬಳನ್ನೇ. ನನ್ನ ಕೈಯೂ ಸ್ವಲ್ಪ ಇರಲಿ ಅದರಲ್ಲಿ, ಎಂದು ಅವರಿಗೆ ಅನ್ನಿಸಿಬಿಟ್ಟಿತು.

ಮೂರನೇ ವಾರ ಕಂಪನಿಯವರು ಗರಗಸವನ್ನು ತರಿಸಿಕೊಂಡು, ಎರಡು ವಾರ ಕಲಿತ ಬುದ್ಧಿಯನ್ನೆಲ್ಲ ಒಳಗೆ ತುಂಬಿ ವಾಪಸು ಕಳಿಸಿದರು. ಇನ್ನು ಮೇಲೆ ಅಪಾಯ ಕಂಡರೆ ನಿಜವಾಗಿ ನಿಲ್ಲುತ್ತೆ ಎಂದು ಸೊಸೆ ಹೇಳಿಕೊಟ್ಟಳು. ಅತ್ತೆ ಕೊಯ್ದರೆ ಗಂಟು ಬಂದರೂ ನಿಲ್ಲಲಿಲ್ಲ. ಬುಧವಾರ ಮಗನಿಗೆ ರಜೆ. ದವಡೆ ನೋವೆಂದು ನಾಲ್ಕು ದಿನದಿಂದ ಒದ್ದಾಡುತ್ತಿದ್ದ ಅತ್ತೆಯನ್ನು ಅವನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮನೆಯಲ್ಲಿ ಉಳಿದವರು ಮಾವ ಒಬ್ಬರೇ.

ಹನ್ನೊಂದು ಗಂಟೆಗೆ ಶೆಡ್ಡಿಗೆ ಹೋಗಿ ಒಂದು ಹಳೇ ಹಲಗೆ ಇಟ್ಟುಕೊಂಡು ಗೆರೆ ಎಳೆದರು. ಗೆರೆ ನೆಟ್ಟಗಿತ್ತು. ಗರಗಸ ಹಿಡಿದು ಗುಂಡಿ ಒತ್ತಿದರು. ನಾಲ್ಕು ಬೆರಳು ಮುಂದೆ ಹೋಗಿ ನಿಂತಿತು. ಮತ್ತೆ ಒತ್ತಿದರು, ಮತ್ತೆ ನಿಂತಿತು. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದು ನೋಡಿದರು. ಒಮ್ಮೆ ಬ್ಲೇಡು ನಿಜವಾಗಿಯೂ ಎಗರಿತು, ಎಗರಿದಲ್ಲೇ ಸತ್ತ ಹಾಗೆ ನಿಂತಿತು. ಅದು ಅವರ ತೊಡೆ ಉಳಿಸಿತು. ಅವರಿಗೆ ಮಾತ್ರ ಕೃತಜ್ಞತೆ ಬರಲಿಲ್ಲ, ಅಳು ಬಂತು. ಮಧ್ಯಾಹ್ನದವರೆಗೆ ಇಪ್ಪತ್ತಮೂರು ಸಲ ಒತ್ತಿದರು. ಕೊಯ್ದಿದ್ದು ಒಂದು ಮೊಳ. ಆ ಹಲಗೆಯನ್ನು ತುಂಡು ಮಾಡಿ ಬಚ್ಚಲ ಒಲೆಗೆ ಹಾಕಿದರು. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡರು. ಗರಗಸ ಕೊಯ್ದದ್ದನ್ನು ಮಾತ್ರ ಬರೆದಿಟ್ಟುಕೊಳ್ಳುತ್ತೆ, ಕೊಯ್ಯದೆ ನಿಂತದ್ದನ್ನು ಯಾಕೆ ಬರೆದುಕೊಳ್ಳುತ್ತೆ ಎಂಬುದು ಅವರ ಲೆಕ್ಕ. ಕಸ ಗುಡಿಸಿದ ಮೇಲೆ ಕೆಡಿಸಿದ ಮರದ ಗುರುತು ಯಾವ ಬಡಗಿಯ ಶೆಡ್ಡಿನಲ್ಲೂ ಉಳಿಯುವುದಿಲ್ಲ ನೋಡಿ.

ಶುಕ್ರವಾರ ಇಂಜಿನಿಯರ್ ಸೊಸೆಯನ್ನು ಕರೆದು ಕಂಪ್ಯೂಟರ್ ಪರದೆ ತೋರಿಸಿದ. ಬುಧವಾರ ಹನ್ನೊಂದರಿಂದ ಹನ್ನೆರಡೂವರೆವರೆಗೆ ಯಾರೋ ಕೈ ನಡುಗುವವರು ಮೆಷಿನ್ ಮುಟ್ಟಿದ್ದಾರೆ, ಅಂಥವರಿಗೆ ದಯವಿಟ್ಟು ಕೊಡಬೇಡಿ ಅಂತ ನಿಮ್ಮ ಮಾವನಿಗೆ ಹೇಳಿ, ಜೀವಕ್ಕೆ ಅಪಾಯ, ಅಂದ. ಹೂಂ ಸರ್ ಎಂದು ಅವಳು ತನ್ನ ಜಾಗಕ್ಕೆ ಬಂದಳು. ಬುಧವಾರ ಅತ್ತೆ ಹಲ್ಲು ಕೀಳಿಸಲು ಹೋಗಿದ್ದರು. ಸಂಜೆ ಕೆನ್ನೆ ಊದಿಸಿಕೊಂಡು ಬಂದಿದ್ದರು. ಮಾವ ಒಬ್ಬರೇ ಇದ್ದರು. ಮತ್ತೆ ಉಳಿದ ದಿನಗಳ ಕೈ?

ಬಸ್ಸಿನಲ್ಲಿ ಕೂತಾಗ ಅವಳಿಗೆ ತಾನು ಮದುವೆಯಾಗಿ ಬಂದ ಮೂರು ವರ್ಷದ್ದೆಲ್ಲ ಒಂದೊಂದಾಗಿ ಕಣ್ಣಿಗೆ ಕಟ್ಟಿತು. ಅತ್ತೆಯ ಮುಂಗೈ ರೋಮಕ್ಕೆ ಅಂಟಿಕೊಂಡಿರುತ್ತಿದ್ದ ಮರದ ಹುಡಿ. ಮಾವನ ಅಂಗಿಗೆ ಗುಂಡಿ ಹಾಕುತ್ತಿದ್ದ ಅತ್ತೆ. ತಾನು ಅದನ್ನು ನೋಡಿ ಈ ವಯಸ್ಸಲ್ಲಿ ಏನು ಕೊಂಡಾಟ ಎಂದು ನಕ್ಕದ್ದು. ಮನೆಗೆ ಬಂದವಳೇ ಬ್ಯಾಗು ಇಟ್ಟು ತುಟಿಪಿಟಿಕ್ಕೆನ್ನದೆ ಸಿಂಕಿನ ಮುಂದೆ ನಿಂತಳು. ಅತ್ತೆ ಶೆಡ್ಡಿನಿಂದ ಬಂದು ನೋಡಿ, ಏನು ಇವತ್ತು ಗೊಣಗಾಟ ಇಲ್ಲ, ಜ್ವರಾನಾ ಎಂದು ಕೇಳಿದರು. ಅವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು.

ಅಲ್ಲಿಗೇ ಬಿಟ್ಟಿದ್ದರೆ ಇನ್ನಾರು ವರ್ಷ ಹಾಗೇ ನಡೆಯುತ್ತಿತ್ತೋ ಏನೋ. ಆದರೆ ಸೋಮವಾರ ಆಫೀಸಿನಿಂದ ಇನ್ನೊಂದು ಮಾತು ಬಂತು. ಬರುವ ಶನಿವಾರ ದೊಡ್ಡವರೆಲ್ಲ ಬರುತ್ತಾರೆ, ನಿಮ್ಮ ಮಾವ ಬಂದು ಎದುರಿಗೆ ಕೊಯ್ದು ತೋರಿಸಬೇಕು. ಒಪ್ಪಿದರೆ ಅಲ್ಲೇ ಕಾಯಂ ಕೆಲಸ, ಹೊಸ ಮೆಷಿನ್ನುಗಳಿಗೆ ಕೈ ಕಲಿಸುವುದು. ಸೊಸೆ ಆ ಸಂಜೆ ಅದನ್ನು ಊಟದ ನಡುವೆ ಇಟ್ಟಳು. ಮಾವ ಶನಿವಾರ ತನಗೆ ಬೇರೆ ಕೆಲಸವಿದೆ ಅಂದರು. ಭಾನುವಾರ ಬೇಕಾದರೂ ಇಟ್ಟುಕೊಳ್ಳುತ್ತಾರೆ ಅಂದಳು. ಮಾವ ತನಗೆ ಆ ಮೆಷಿನ್ನೇ ಹಿಡಿಸಲಿಲ್ಲ, ವಾಪಸು ಕೊಟ್ಟುಬಿಡು, ಅಂದರು. ಅಷ್ಟಕ್ಕೆ ಸೊಸೆಗೆ ತಡೆಯಲಾಗಲಿಲ್ಲ.

"ಬುಧವಾರ ಹನ್ನೊಂದು ಗಂಟೆಗೆ ಆ ಮೆಷಿನ್ ಹಿಡಿದಿದ್ದು ಯಾರು ಮಾವ?"

"ನಾನೇ. ಮತ್ತಿನ್ಯಾರು?"

"ಹಾಗಾದ್ರೆ ಬೇರೆ ದಿನ ಹಿಡಿದಿದ್ದು?"

ಮಗನಿಗೆ ಏನೂ ಅರ್ಥವಾಗಿರಲಿಲ್ಲ. ಬುಧವಾರ ಅಮ್ಮ ನನ್ನ ಜೊತೆ ಇದ್ದಳಲ್ಲ ಎಂದು ಹೇಳಿ, ಹೇಳಿದ ಮೇಲೆ ಎಲ್ಲರ ಮುಖ ನೋಡಿದ. ಮಾವ ಅರ್ಧ ಉಂಡ ತಟ್ಟೆ ಬಿಟ್ಟು ಎದ್ದರು. ಕೈ ತೊಳೆಯುವಾಗ ನಲ್ಲಿಯ ತಿರುಗಣೆ ಅವರ ಬೆರಳಿಗೆ ಸಿಗಲಿಲ್ಲ. ಎರಡು ಸಲ ಜಾರಿತು. ಅತ್ತೆ ಎದ್ದು ಹೋಗಿ ತಿರುಗಿಸಿದರು. ಆಮೇಲೆ ವಾಪಸು ಬಂದು ಸೊಸೆಯನ್ನು ತರಾಟೆಗೆ ತೆಗೆದುಕೊಂಡರು.

"ನಿನಗೇನು ಬೇಕಿತ್ತು? ಗೊತ್ತಾಯ್ತು, ಸರಿ. ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಒಬ್ಬ ಮನುಷ್ಯನಿಗೆ ಉಳಿದಿದ್ದೇ ಅದೊಂದು."

"ನಿಮಗೇನು ಉಳಿದಿದೆ ಅತ್ತೆ?"

ಅತ್ತೆ ಗಂಡ ಬಿಟ್ಟುಹೋದ ತಟ್ಟೆ ಎತ್ತಿಕೊಂಡರು. ಮಗ ಅಮ್ಮನ ಕೈಗಳನ್ನೇ ನೋಡುತ್ತ ಕೂತಿದ್ದ. ಒಂದೇ ಸೂರಿನಡಿ ಇದ್ದು ಆರು ವರ್ಷ ಆ ಕೈಯಿಂದ ಬಡಿಸಿಕೊಂಡು ಉಂಡಿದ್ದ. ಅವನಿಗೆ ಅವತ್ತು ಊಟ ಸೇರಲಿಲ್ಲ.

ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಶೆಡ್ಡಿನಲ್ಲಿ ಅದೂ ಇಲ್ಲ. ಮಾವ ಗೆರೆ ಎಳೆದುಕೊಟ್ಟರು, ಅತ್ತೆ ಕೊಯ್ದರು. ಗುರುವಾರ ಮಧ್ಯಾಹ್ನ ಒಂದು ಹಲಗೆ ಮುಗಿದ ಮೇಲೆ ಮಾವ ಇನ್ನೊಂದನ್ನು ಎತ್ತಿ ಇಡಲಿಲ್ಲ.

"ಹೋಗ್ತೀಯಾ?" ಎಂದು ಕೇಳಿದರು.

"ನೀವು ಹೋಗು ಅಂದ್ರೆ ಹೋಗ್ತೀನಿ."

"ನಾನು ಬೇಡ ಅಂದ್ರೆ?"

ಅತ್ತೆ ಗರಗಸದ ವಯರನ್ನು ನಿಧಾನವಾಗಿ ಸುತ್ತಿದರು. ಮೂವತ್ತಾರು ವರ್ಷದಲ್ಲಿ ಈ ಪ್ರಶ್ನೆಗೆ ಅವರ ಬಳಿ ಒಂದೇ ಉತ್ತರವಿತ್ತು, ಅದು ಬಾಯಿಗೆ ಬರಲಿಲ್ಲ.

"ಬೇಡ ಅಂದ್ರೂ ಹೋಗ್ತೀನಿ ರೀ."

"ನಾನಿಲ್ಲಿ ಏನು ಮಾಡ್ಲಿ ಒಬ್ಬನೇ?"

ಅತ್ತೆ ಗರಗಸವನ್ನು ಅದರ ಜಾಗದಲ್ಲಿ ಎತ್ತಿಟ್ಟರು. ಏನಾದರೂ ಹೇಳಬಹುದಿತ್ತು, ಸುಳ್ಳಾದರೂ ಹೇಳಬಹುದಿತ್ತು ಎಂದು ಆಮೇಲೆ ಅನ್ನಿಸಿತು. ಆ ಹೊತ್ತಿಗೆ ಹೊಳೆಯಲಿಲ್ಲ.

ಶನಿವಾರ ಅತ್ತೆ ಸೊಸೆಯ ಜೊತೆ ಏಳೂಕಾಲರ ಬಸ್ಸು ಹತ್ತಿದರು. ದೊಡ್ಡವರೆಲ್ಲ ಬಡಗಿಯ ದಾರಿ ಕಾಯುತ್ತಿದ್ದರು. ಇವರೇ ಆ ಕೈ ಎಂದು ಸೊಸೆ ಹೇಳಿದಾಗ ಇಂಜಿನಿಯರ್ ಮೊದಲು ಬಾಗಿಲ ಕಡೆ ನೋಡಿದ, ಹಿಂದೆ ಇನ್ಯಾರಾದರೂ ಬರುತ್ತಿದ್ದಾರೋ ಎಂದು. ಅತ್ತೆ ಅಷ್ಟು ಜನರ ಮುಂದೆ ಸೆರಗನ್ನು ಎರಡೆರಡು ಸಲ ಸಿಕ್ಕಿಸಿಕೊಂಡರು. ಹಲಗೆಯ ಆ ತುದಿ ಹಿಡಿಯಲು ಯಾರೂ ಇರಲಿಲ್ಲ, ಕಬ್ಬಿಣದ ಕ್ಲಾಂಪು ಹಾಕಿದ್ದರು. ಗುಂಡಿ ಒತ್ತಿದ ಮೇಲೆ ಎಲ್ಲ ಸಲೀಸಾಯಿತು. ಒಂಬತ್ತು ಸಲ ಕೊಯ್ದರು. ಒಮ್ಮೆಯೂ ಗರಗಸ ನಿಲ್ಲಲಿಲ್ಲ. ಬೇಕೆಂದೇ ಒಳಗೆ ಮೊಳೆ ಹೊಡೆದಿಟ್ಟಿದ್ದ ಹಲಗೆ ಕೊಟ್ಟಾಗ ಮಾತ್ರ, ಬ್ಲೇಡು ಮೊಳೆಗೆ ತಾಗಿ ಎಗರಿದ ಕೂಡಲೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೆಷಿನಿಗೋ ಅವರಿಗೋ ಗೊತ್ತಿಲ್ಲ. ಅವರು ಅಭ್ಯಾಸಬಲದಿಂದ ಹಲಗೆಯ ಆಚೆ ತುದಿಯ ಕಡೆ ಮುಖ ಎತ್ತಿದರು. ಅಲ್ಲಿ ಕ್ಲಾಂಪು ಇತ್ತು.

ಮುಂದಿನ ತಿಂಗಳಿಂದ ಎರಡು ಡಬ್ಬಿಯ ಬದಲು ಮೂರು ಡಬ್ಬಿ. ಅತ್ತೆ ಸೊಸೆ ಇಬ್ಬರೂ ಕೂಡಿಯೇ ಅಡುಗೆ ಮಾಡಿ ಓಡುತ್ತಿದ್ದರು. ಮಗ ಡ್ಯೂಟಿಗೆ ಹೋಗುತ್ತಿದ್ದ. ಮಾವ ಪಾತ್ರೆ ತೊಳೆಯಲು ಕಲಿತರು. ಜಾರುವ ಬೆರಳಿಗೆ ಗಾಜಿನ ಲೋಟ ಆಗದೆಂದು ಮನೆಗೆ ಸ್ಟೀಲಿನವೇ ಬಂದವು. ಒಂಬತ್ತು ಗಂಟೆಗೆ ಪಾತ್ರೆ ಮುಗಿಯುತ್ತಿತ್ತು. ಆಮೇಲೆ ಸಂಜೆ ಆರರವರೆಗೆ ಮನೆಯಲ್ಲಿ ಒಂದು ಮಾತಿಲ್ಲ. ಎರಡು ಲೋಟ ಚಹಾ ಮಾಡಿ, ಒಂದನ್ನು ಕುಡಿದು, ಇನ್ನೊಂದನ್ನೂ ತಾವೇ ಕುಡಿಯುತ್ತಿದ್ದರು. ಶೆಡ್ಡಿನಲ್ಲಿ ಕೂತು, ಕೊಯ್ಯಲು ಅವಳು ಭಾನುವಾರ ಬರುತ್ತಾಳೆಂದು ಹಲಗೆಗಳ ಮೇಲೆ ಗೆರೆ ಎಳೆದೆಳೆದು ಇಡುತ್ತಿದ್ದರು. ಮುಚ್ಚಿದ ಬಾಗಿಲ ಹಿಂದಿನ ಆ ಆರು ವರ್ಷವೇ ತನ್ನ ಬದುಕಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಾಲವಾಗಿತ್ತು ಎಂದು ಅವರಿಗೆ ಈಗ ತಿಳಿಯಿತು. ಅವಳಿಗೂ ಹಾಗೇ ಇತ್ತೇ ಎಂದು ಕೇಳಲು ಧೈರ್ಯ ಬರಲಿಲ್ಲ.

ಒಂದು ದಿನ ಬೀದಿಯ ದರ್ಜಿ ಬಂದ. ಬಟ್ಟೆಯ ಥಾನುಗಳನ್ನು ಜೋಡಿಸಲು ಗೋಡೆಯುದ್ದ ಹಲಗೆ ಬೇಕು, ಯಾವಾಗ ಕೊಯ್ದುಕೊಡುತ್ತೀರಿ ಎಂದು ಕೇಳಿದ. ಮಾವ ಅಭ್ಯಾಸದಂತೆ ಹೂಂ ಅನ್ನಲು ಹೊರಟು ನಿಂತರು.

"ಕೊಯ್ಯೋದು ನಾನಲ್ಲ. ನನ್ನ ಹೆಂಡ್ತಿ. ಆರು ವರ್ಷದಿಂದ ಅವಳೇ."

ದರ್ಜಿ ನಕ್ಕ. ವಯಸ್ಸಾಗ್ತಾ ತಮಾಷೆ ಜಾಸ್ತಿ ಆಯ್ತು ನಿಮ್ದು, ಅಂದ. ಮಾವ ತಮಾಷೆಯಲ್ಲ ಎಂದು ಇನ್ನೊಮ್ಮೆ ಹೇಳಿದರು, ಬೆರಳು ಚಾಚಿ ತೋರಿಸಿದರು. ದರ್ಜಿ ಅದನ್ನು ನೋಡಿದ ಹಾಗೆ ಮಾಡಿ, ಯಾರು ಕೊಯ್ದರೂ ಸರಿ, ಕೊನೆಗೆ ನೀವೊಂದು ಕೈ ಹಾಕಿ, ನಿಮ್ಮ ಕೈ ಅಂದ್ರೇನೇ ನಮಗೆ ನಂಬಿಕೆ, ಎಂದು ಹೇಳಿ ನಗುತ್ತಲೇ ಹೋದ.

ಸಂಜೆ ಅತ್ತೆ ಸೊಸೆ ಬಂದರು. ಆಫೀಸಿನಲ್ಲಿ ಯಾರದೋ ಡಬ್ಬಿ ಅದಲುಬದಲಾದ ಕಥೆ ಹೇಳಿಕೊಂಡು ನಗುತ್ತಿದ್ದರು. ಮಾವನೇ ತಟ್ಟೆ ಇಟ್ಟು ಅನ್ನ ಬಡಿಸಿದರು. ಆ ನಗು ಮುಗಿಯಲಿ ಎಂದು ಕಾದರು. ಅದು ಮುಗಿದು ಇನ್ನೊಂದು ಶುರುವಾಯಿತು. ಕೊನೆಗೆ ಅತ್ತೆಯೇ ಇವರ ಕಡೆ ತಿರುಗಿ ಇವತ್ತು ಯಾರಾದರೂ ಬಂದಿದ್ದರಾ ಎಂದು ಕೇಳಿದರು.

"ದರ್ಜಿ ಬಂದಿದ್ದ. ಹಲಗೆ ಬೇಕಂತೆ."

"ಏನು ಹೇಳಿದ್ರಿ?"

"ನೀನು ಕೊಯ್ತೀಯ ಅಂತ ಹೇಳಿದೆ."

ಅತ್ತೆಯ ತುತ್ತು ಕೈಯಲ್ಲೇ ನಿಂತಿತು. ಸೊಸೆ ತಲೆ ಎತ್ತಲಿಲ್ಲ.

"ಅವನೇನಂದ?"

"ನಕ್ಕ. ಇನ್ನೊಂದ್ಸಲ ಹೇಳಿದೆ. ಆಗ್ಲೂ ನಕ್ಕ."

ಅತ್ತೆ ಆ ತುತ್ತು ಉಂಡರು. ಬಟ್ಟಲು ಎಳೆದು ಗಂಡನ ತಟ್ಟೆಗೆ ಬೇಳೆ ಹಾಕಿದರು.

"ನಾಳೆ ಮತ್ತೆ ಹೇಳಿ," ಅಂದರು.